ಒಡವೆಯೂ ಒಡೆತನವೂ

ಬೇಲೂರಿನ ಮದನಿಕೆಯರ ಮೈಮೇಲೆ ಕಲ್ಲಿನಲ್ಲಿ ಕಡೆದ ಕಂಠಹಾರ, ತೋಳಬಂದಿಗಳನ್ನು ನೋಡಿದವರಿಗೆ ಒಡವೆಯು ಕೇವಲ ಅಲಂಕಾರವೆಂದು ತೋರುವುದು ಸಹಜ. ಆದರೆ ಹಿಂದಿನ ಕನ್ನಡದಲ್ಲಿ ‘ಒಡವೆ’ಯೆಂದರೆ ಸ್ವತ್ತು, ಒಡೆತನದ ವಸ್ತು.

ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ತನ್ನ ‘ಮಿತಾಕ್ಷರಾ’ದಲ್ಲಿ, ಕಾಣಿಕೆಯನ್ನು ಮಾತ್ರವಲ್ಲದೆ ದಾಯ, ಕ್ರಯ, ವಿಭಾಗಗಳಿಂದ ಬಂದುದನ್ನೂ ಸ್ತ್ರೀಧನವೆಂದು ಎಣಿಸಿದನು. ಆದರೂ ವ್ಯವಹಾರದಲ್ಲಿ ಹೊಲಮನೆಗಳು ಬಹುಮಟ್ಟಿಗೆ ಗಂಡುಮಕ್ಕಳ ಪಾಲಾದುವು. ಹೆಣ್ಣಿನ ಕೈಯಲ್ಲಿ ಉಳಿದುದು ತವರಿನ ಓಲೆ, ಬಳೆ, ಅಡ್ಡಿಕೆಗಳಷ್ಟೆ. ಮಳೆ ತಪ್ಪಿದ ವರ್ಷ ಗಿರವಿಗೆ ಹೋಗಿ ಸಂಸಾರವನ್ನು ಸಲಹಿದುವೂ ಅವೇ.

2005ರ ಕಾನೂನು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹಿಂದೂ ಮಗಳಿಗೂ ಮಗನ ಸಮಾನವಾದ ಭಾಗವನ್ನಿತ್ತಿತು. ಆ ಭಾಗವು ನಿಜವಾಗಿ ಕೈಗೆ ಬಂದ ಮನೆಯಲ್ಲಿ ಒಡವೆಯು ಬದುಕಿನ ಭಾರವನ್ನಿಳಿಸಿ, ಬರಿಯ ಸೊಬಗಿಗಾಗಿ ಮೈಮೇಲಿರಬಲ್ಲುದು.