ಸ್ವಾಧ್ಯಾಯದ ಕೋಣೆ: ವಾಸ್ತುವೂ ವಿವೇಕವೂ

ಶ್ರಾವಕನ ನಿತ್ಯದ ಷಟ್ಕರ್ಮಗಳಲ್ಲಿ ಸ್ವಾಧ್ಯಾಯವೂ ಒಂದು. ದೇವಪೂಜೆ, ಗುರೂಪಾಸನೆಗಳ ನಂತರ ಅದರ ಹೆಸರು ಬರುತ್ತದೆ; ಸಂಯಮ, ತಪ, ದಾನಗಳು ಅದನ್ನು ಅನುಸರಿಸುತ್ತವೆ. ಪೂಜೆಗೆ ಊರಿನಲ್ಲಿ ಬಸದಿಯುಂಟು, ಮನೆಯಲ್ಲಿ ದೇವರ ಕೋಣೆಯುಂಟು. ವ್ಯಾಪಾರಕ್ಕೆ ಅಂಗಡಿಯ ಗಾದಿಯುಂಟು. ಆದರೆ ಸ್ವಾಧ್ಯಾಯಕ್ಕೆ ಮನೆಯಲ್ಲಿ ಸ್ಥಾನವೆಲ್ಲಿ? ಹೊಸ ಮನೆ ಕಟ್ಟುವವರು ಈಚೆಗೆ ಈ ಪ್ರಶ್ನೆಯನ್ನು ಕೇಳತೊಡಗಿರುವುದು ಸಂತೋಷದ ಸಂಗತಿ. ಆದರೆ ಉತ್ತರವನ್ನು ಕೇವಲ ದಿಕ್ಸೂಚಿಯಲ್ಲಿ ಹುಡುಕುತ್ತಿರುವುದು ಮಾತ್ರ ವಿಚಾರಣೀಯ.

ಕೃಷ್ಣೆಯ ದಡದ ಗಲಗಲಿ ಮತ್ತು ಅದರ ಸುತ್ತಲಿನ ನಾಡು ಈ ವಿಚಾರಕ್ಕೆ ಒಳ್ಳೆಯ ನೆಲೆ. ಗಾಲವ ಋಷಿಯ ಹೆಸರಿನೊಡನೆ ಬೆಸೆದುಕೊಂಡಿರುವ ಗಲಗಲಿಯು ಸಂಸ್ಕೃತ ಪಂಡಿತರ ಊರು. ಗಲಗಲಿ ಅವ್ವನೆಂಬ ಹರಿದಾಸಿ ಹಾಡುಗಳನ್ನು ರಚಿಸಿದ ಊರು. ಸಮೀಪದ ಮುಧೋಳದಲ್ಲಿ 949ರಲ್ಲಿ ಕವಿ ರನ್ನನು ಬಳೆಗಾರರ ಮನೆತನದಲ್ಲಿ ಜನಿಸಿದನು. ತೇರದಾಳದಲ್ಲಿ ಮಂಡಲಿಕ ಗೊಂಕನು 12ನೆಯ ಶತಮಾನದ ಆರಂಭದಲ್ಲಿ ನೇಮಿನಾಥ ಜಿನಾಲಯವನ್ನು ಕಟ್ಟಿಸಿದನು. ವಿದ್ಯೆಯೂ ವ್ಯಾಪಾರವೂ ಧರ್ಮವೂ ಒಂದೇ ಸೂರಿನಡಿ ಬಾಳಿದ ಪ್ರದೇಶವಿದು.

ಹಳೆಯ ಮನೆಯಲ್ಲಿ ಓದಿನ ಸ್ಥಾನ

ಈ ಭಾಗದ ಹಳೆಯ ಮೇಲ್ಮುದ್ದೆಯ ಮನೆಗಳಲ್ಲಿ ಓದಿಗೆಂದೇ ಮೀಸಲಾದ ಕೋಣೆ ವಿರಳ. ಮಣ್ಣು ಕಲ್ಲುಗಳ ದಪ್ಪ ಗೋಡೆ, ಗೋಡೆಯಲ್ಲಿ ಕೊರೆದ ಮಾಡ, ಮಾಳಿಗೆಯಲ್ಲಿ ಬೆಳಕಿಂಡಿ, ಮುಂದೆ ಪಡಸಾಲೆ: ಇದು ಮನೆಯ ಕ್ರಮ. ಬೆಳಕಿಂಡಿಯಿಂದ ಬೆಳಕಿನ ಕೋಲು ಇಳಿಯುವ ಕಡೆ, ಇಲ್ಲವೆ ಪಡಸಾಲೆಯ ಅಂಚಿನಲ್ಲಿ, ವ್ಯಾಸಪೀಠವನ್ನಿಟ್ಟರೆ ಅದೇ ಓದಿನ ಸ್ಥಾನ. ವಸ್ತ್ರದಲ್ಲಿ ಸುತ್ತಿದ ಶಾಸ್ತ್ರಗ್ರಂಥವು ಮಾಡದಿಂದ ಇಳಿದು ಬರುತ್ತಿತ್ತು, ಓದು ಮುಗಿದ ಮೇಲೆ ಮತ್ತೆ ಮಾಡವನ್ನೇರುತ್ತಿತ್ತು. ಕೋಣೆ ಇರಲಿಲ್ಲ, ಆದರೆ ಹೊತ್ತು ಇತ್ತು, ಆಸನ ಇತ್ತು, ಕೇಳುವ ಮನೆಮಂದಿ ಇದ್ದರು.

ಶಾಸ್ತ್ರಕಾರರು ಹೇಳಿದ್ದೇನು?

ಮನೆಯ ವಿನ್ಯಾಸವನ್ನು ಕುರಿತು ನಮ್ಮ ದೇಶದಲ್ಲಿ ಬಹಳ ಹಿಂದಿನಿಂದ ಗ್ರಂಥಗಳಿವೆ. ವರಾಹಮಿಹಿರನು 6ನೆಯ ಶತಮಾನದ ಬೃಹತ್ಸಂಹಿತೆಯಲ್ಲಿ ನಿವೇಶನವನ್ನು 81 ಪದಗಳಾಗಿ ವಿಭಾಗಿಸುವ ಕ್ರಮವನ್ನು ವಿವರಿಸಿದನು. ಕನ್ನಡದಲ್ಲಿಯೇ, ಚಾಳುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ ರಚಿತವಾದ ಲೋಕೋಪಕಾರದಲ್ಲಿ ವಾಸ್ತುವಿನ ವಿಚಾರ ಬಂದಿದೆ. ಅದರ ಕರ್ತೃವಾದ ಚಾವುಂಡರಾಯನು ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯನಲ್ಲ, ನಂತರದವನು.

ಜೈನ ಕುಟುಂಬಗಳು ವಿಶೇಷವಾಗಿ ನೆನೆಯಬೇಕಾದವನು ಠಕ್ಕುರ ಫೇರು. ಈತನು ಸಾಧುವಲ್ಲ, ಗೃಹಸ್ಥ. ದೆಹಲಿಯಲ್ಲಿ ಅಲ್ಲಾವುದ್ದೀನ್ ಖಿಲ್ಜಿಯ ಆಡಳಿತದಲ್ಲಿ ಖಜಾನೆ, ಟಂಕಸಾಲೆಗಳ ಕೆಲಸ ಬಲ್ಲ ಅಧಿಕಾರಿ. ರತ್ನಪರೀಕ್ಷೆ, ನಾಣ್ಯಪರೀಕ್ಷೆ, ಗಣಿತಗಳ ಮೇಲೆ ಬರೆದ ಈ ಶ್ರಾವಕನು 1315ರ ಸುಮಾರಿಗೆ ಪ್ರಾಕೃತದಲ್ಲಿ ವಾಸ್ತುಸಾರವೆಂಬ ಗ್ರಂಥವನ್ನು ರಚಿಸಿದನು. ಮನೆ, ಜಿನಬಿಂಬ, ಪ್ರಾಸಾದ ಎಂಬ ಮೂರು ವಿಷಯಗಳಿಗೆ ಅದರಲ್ಲಿ ಮೂರು ಪ್ರಕರಣಗಳು. ಲೆಕ್ಕ ಬಲ್ಲವನೊಬ್ಬನು ಮನೆಯನ್ನೂ ಬಸದಿಯನ್ನೂ ಒಂದೇ ಅಳತೆಗೋಲಿನಿಂದ ನೋಡಿದ ಅಪೂರ್ವ ನಿದರ್ಶನವಿದು.

ಇಂದು ಬಹುತೇಕ ಎಲ್ಲ ಸಲಹೆಗಾರರೂ ಓದುವ ಕೋಣೆಯನ್ನು ಈಶಾನ್ಯದಲ್ಲಿ, ಇಲ್ಲವೆ ಪೂರ್ವ ಅಥವಾ ಉತ್ತರದಲ್ಲಿ ಇಡಬೇಕೆನ್ನುತ್ತಾರೆ. ಆದರೆ 1600ರಲ್ಲಿ ಕಾಶಿಯಲ್ಲಿ ರಾಮದೈವಜ್ಞನು ಬರೆದ ಮುಹೂರ್ತಚಿಂತಾಮಣಿಯಲ್ಲಿ ಮನೆಯ ಹದಿನಾರು ಕೋಣೆಗಳ ಕ್ರಮ ಬಂದಿದೆ. ಅಲ್ಲಿ ಈಶಾನ್ಯವು ದೇವಗೃಹಕ್ಕೆ, ಆಗ್ನೇಯವು ಪಾಕಶಾಲೆಗೆ ಮೀಸಲು. ವಿದ್ಯಾಭ್ಯಾಸಕ್ಕೆ ಹೇಳಿರುವುದು ನೈಋತ್ಯ ಮತ್ತು ಪಶ್ಚಿಮಗಳ ನಡುವಣ ಸ್ಥಾನ. ಪರಂಪರೆಯು ಏಕವಾಕ್ಯವಲ್ಲವೆಂಬುದು ಇದರಿಂದ ಸ್ಪಷ್ಟ. ನಡುವೆ ಅಂಗಳವಿದ್ದ ದೊಡ್ಡ ಮನೆಯಲ್ಲಿ ಆ ಸ್ಥಾನವು ಆಗ್ನೇಯದ ಒಲೆಯ ಹೊಗೆಯಿಂದ ದೂರ. ಅಲ್ಲಿ ಗೋಡೆಗೆ ಬೆನ್ನುಮಾಡಿ ಕುಳಿತವನಿಗೆ ಪೂರ್ವದ ಬೆಳಕು ಅಂಗಳದಿಂದ ಎದುರಿಗೇ ಬರುತ್ತದೆ. ಕೋಣೆ ಪಶ್ಚಿಮದಲ್ಲಿ, ಮುಖ ಪೂರ್ವಕ್ಕೆ! ಹೀಗೆ ನೋಡಿದಾಗ ಎರಡು ಮತಗಳಲ್ಲಿ ಕಾಣುವ ವಿರೋಧವು ಬಹುಮಟ್ಟಿಗೆ ಕರಗುತ್ತದೆ.

ಸೂರ್ಯ, ಗಾಳಿ, ಮಳೆ

ಪೂರ್ವ ಅಥವಾ ಉತ್ತರಾಭಿಮುಖವಾಗಿ ಕುಳಿತುಕೊಳ್ಳುವುದು ಸಾಮಾಯಿಕದಲ್ಲಿಯೂ ರೂಢವಾದ ಕ್ರಮ. ಅದರ ಧಾರ್ಮಿಕ ಅರ್ಥವು ಒಂದೆಡೆಯಿರಲಿ, ಗಲಗಲಿಯ ನೆಲದ ಮೇಲೆ ಅದರ ಲೌಕಿಕ ಪ್ರಯೋಜನವೂ ಕಾಣುತ್ತದೆ. ಈ ಪ್ರದೇಶವು ಭೂಮಧ್ಯರೇಖೆಯಿಂದ ಸುಮಾರು 16 ಅಂಶ ಉತ್ತರಕ್ಕಿದೆ. ವರ್ಷದ ಬಹುಭಾಗ ಇಲ್ಲಿ ನಡುಹಗಲಿನ ಸೂರ್ಯನು ದಕ್ಷಿಣಕ್ಕೆ ವಾಲಿರುತ್ತಾನೆ. ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಮಾತ್ರ ನೆತ್ತಿಯಿಂದ ಉತ್ತರಕ್ಕೆ ಸರಿಯುತ್ತಾನೆ. ಆದ್ದರಿಂದ ಉತ್ತರದ ಕಿಟಕಿಯಿಂದ ಬರುವ ಬೆಳಕು ಸಾಮಾನ್ಯವಾಗಿ ತಂಪು, ಸಮ, ಕಣ್ಣು ಕುಕ್ಕದಂಥದು. ಪೂರ್ವದ್ದು ಪ್ರಾತಃಕಾಲದ ಓದಿಗೆ ಒದಗುವ ಬೆಳಕು. ಪೂರ್ವಕ್ಕೆ ಮುಖಮಾಡಿ ಕುಳಿತವನಿಗೆ ಉತ್ತರದ ಕಿಟಕಿಯು ಎಡಗಡೆಯಾಗುತ್ತದೆ. ಬಲಗೈಯಲ್ಲಿ ಬರೆಯುವವನ ಅಕ್ಷರದ ಮೇಲೆ ಕೈಯ ನೆರಳು ಬೀಳುವುದಿಲ್ಲ.

ಭಾರವಾದ ಕಪಾಟುಗಳನ್ನು ದಕ್ಷಿಣ, ಪಶ್ಚಿಮಗಳ ಗೋಡೆಗಿಡಬೇಕೆಂಬ ನಿಯಮವೂ ಇಂಥದೇ. ಅಪರಾಹ್ನದ ಉರಿಬಿಸಿಲೂ ನೈಋತ್ಯ ಮಾರುತದ ಮಳೆಯೂ ಬಂದು ಬಡಿಯುವುದು ಆ ಕಡೆಗೇ. ಅಲ್ಲಿ ದೊಡ್ಡ ಕಿಟಕಿಗಳಿಗಿಂತ ದಪ್ಪ ಗೋಡೆಯೇ ಲೇಸು. ಆದರೆ ಮಳೆಯ ತೇವವು ಗೋಡೆಯೊಳಗಿಳಿಯುವ ಮನೆಯಲ್ಲಿ ನಿಯಮವನ್ನು ಅಕ್ಷರಶಃ ಪಾಲಿಸಿದರೆ ಗ್ರಂಥಗಳಿಗೇ ಹಾನಿ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಸರಿಸಿ, ನೆಲದಿಂದ ಎತ್ತರಿಸಿ ಇಡುವುದು ವಿವೇಕ.

ಅಹಿಂಸೆಯ ದೃಷ್ಟಿ

ಜೈನನ ಓದುವ ಕೋಣೆಗೆ ಇನ್ನೊಂದು ಪರೀಕ್ಷೆಯುಂಟು. ದೀಪಕ್ಕೆ ಪತಂಗಗಳು ಬಂದು ಬೀಳುತ್ತವೆ. ಕತ್ತಲೆಯಲ್ಲಿ ತೇವಗೊಂಡ ಪುಸ್ತಕದಲ್ಲಿ ಹುಳುಗಳು ಹುಟ್ಟುತ್ತವೆ. ಹುಟ್ಟಿದ ಮೇಲೆ ವಿಷ ಸಿಂಪಡಿಸುವುದಕ್ಕಿಂತ ಹುಟ್ಟದಂತೆ ನೋಡಿಕೊಳ್ಳುವುದೇ ಯತ್ನಾಚಾರ. ಹಗಲ ಬೆಳಕು ಸಾಕಷ್ಟಿರುವ ಸ್ಥಾನ, ಗಾಳಿಯಾಡುವ ಕಪಾಟು, ಕಿಟಕಿಗೆ ಸಣ್ಣ ಕಣ್ಣಿನ ಜಾಲರಿ, ವಾರಕ್ಕೊಮ್ಮೆ ಮೃದುವಾದ ಬಟ್ಟೆಯಿಂದ ಧೂಳು ತೆಗೆಯುವುದು: ಇವು ಗ್ರಂಥರಕ್ಷಣೆಯೂ ಹೌದು, ಜೀವರಕ್ಷಣೆಯೂ ಹೌದು. ಜ್ಯೇಷ್ಠ ಶುಕ್ಲ ಪಂಚಮಿಯ ಶ್ರುತಪಂಚಮಿಯಂದು ಶಾಸ್ತ್ರಗಳನ್ನು ಹೊರತೆಗೆದು, ಒರೆಸಿ, ಹೊಸ ವಸ್ತ್ರ ಸುತ್ತುವ ಪದ್ಧತಿಯು ಮಳೆಗಾಲದ ಹೊಸ್ತಿಲಲ್ಲಿಯೇ ಬರುವುದನ್ನು ಗಮನಿಸಬೇಕು.

ನಿವೇಶನದ ದಿಕ್ಕು ಕೈಯಲ್ಲಿಲ್ಲದವರು

ಆಲಮಟ್ಟಿ ಜಲಾಶಯದ ಹಿನ್ನೀರಿನಿಂದಾಗಿ ಬೀಳಗಿ, ಬಾಗಲಕೋಟೆಗಳ ಕಡೆ ಅನೇಕ ಕುಟುಂಬಗಳು ಹಳೆಯ ಮನೆಗಳನ್ನು ತೊರೆದು ಪುನರ್ವಸತಿ ಕೇಂದ್ರಗಳಿಗೆ ಹೋಗಬೇಕಾಯಿತು. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಎರಡನೆಯ ನ್ಯಾಯಾಧಿಕರಣವು 2010ರಲ್ಲಿ ಒಪ್ಪಿಗೆ ನೀಡಿದ್ದರಿಂದ ಈ ಚಿಂತೆ ಇನ್ನೂ ಮುಗಿದಿಲ್ಲ. ಸಾಲಾಗಿ ಗೆರೆಯೆಳೆದ ನಿವೇಶನಗಳಲ್ಲಿ ಒಂದು ಸಾಲು ಪೂರ್ವಕ್ಕೆ ಮುಖಮಾಡಿದರೆ ಅದರ ಎದುರು ಸಾಲು ಪಶ್ಚಿಮಕ್ಕೇ ಮುಖಮಾಡಬೇಕು. ಎದುರು ಸಾಲಿನ ಮಕ್ಕಳಿಗೆ ವಿದ್ಯೆ ಹತ್ತುವುದಿಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ?

ಕರ್ಮಸಿದ್ಧಾಂತವನ್ನು ಒಪ್ಪಿದವನು ಇಲ್ಲಿ ನಿಮಿತ್ತ, ಉಪಾದಾನಗಳ ಭೇದವನ್ನು ಮರೆಯಬಾರದು. ಕೋಣೆ, ಕಿಟಕಿ, ದಿಕ್ಕುಗಳು ನಿಮಿತ್ತ ಮಾತ್ರ. ಓದುವ ಜೀವದ ಯೋಗ್ಯತೆ ಮತ್ತು ಪುರುಷಾರ್ಥವೇ ಉಪಾದಾನ. ಒಳ್ಳೆಯ ನಿಮಿತ್ತವನ್ನು ಒದಗಿಸಿಕೊಳ್ಳುವುದು ತಪ್ಪಲ್ಲ. ಆದರೆ ಗಟ್ಟಿಯಾಗಿರುವ ಗೋಡೆಯನ್ನು ದಿಕ್ಕಿನ ಭಯಕ್ಕೆ ಕೆಡವಿ ಕಟ್ಟುವುದರಲ್ಲಿ ಹಣದ ನಷ್ಟವಷ್ಟೇ ಅಲ್ಲ, ಅನಗತ್ಯವಾದ ಆರಂಭಹಿಂಸೆಯೂ ಇದೆ. ಅಂಥ ಮನೆಯಲ್ಲಿ ಮೇಜನ್ನು ತಿರುಗಿಸಿ ಹಾಕಿದರೆ ಸಾಕು. ದಿಕ್ಕು ತಾನಾಗಿ ಬದಲಾಗುತ್ತದೆ.

ಮೂಡಬಿದಿರೆಯ ಪಾಠ

ಗ್ರಂಥಕ್ಕೆ ಸ್ಥಾನ ಕೊಡುವುದು ಬೇರೆ, ಗ್ರಂಥವನ್ನು ಓದುವುದು ಬೇರೆ ಎಂಬುದಕ್ಕೆ ಮೂಡಬಿದಿರೆಯ ಗುರುಬಸದಿಯ ಇತಿಹಾಸವೇ ಸಾಕ್ಷಿ. ಪುಷ್ಪದಂತ ಭೂತಬಲಿಗಳ ಷಟ್ಖಂಡಾಗಮದ ಮೇಲೆ ವೀರಸೇನಾಚಾರ್ಯರು 816ರಲ್ಲಿ ಮುಗಿಸಿದ ಧವಲಾ ಟೀಕೆಯ ತಾಳೆಗರಿ ಪ್ರತಿಗಳು ಅಲ್ಲಿ ಸುರಕ್ಷಿತವಾಗಿ ಉಳಿದವು. ಕಾಪಾಡಿದವರ ಉಪಕಾರವನ್ನು ಸಮಾಜವು ಮರೆಯುವಂತಿಲ್ಲ. ಆದರೆ ಬಹುಕಾಲ ಅವು ದರ್ಶನದ ವಸ್ತುಗಳಾಗಿದ್ದವೇ ಹೊರತು ಅಧ್ಯಯನದ ವಸ್ತುಗಳಾಗಿರಲಿಲ್ಲ. ಯಾತ್ರಿಕರು ಬಂದು ಕೈಮುಗಿದು ಹೋಗುತ್ತಿದ್ದರು. 19ನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾಗಿ, ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 1939ರಿಂದ 16 ಸಂಪುಟಗಳಾಗಿ ಅಚ್ಚಾದ ಮೇಲೆಯೇ ಧವಲಾ ವಿದ್ವಾಂಸರ ಮನೆಗಳನ್ನು ತಲುಪಿತು.

ಇದಕ್ಕೆ ಪ್ರತಿಯಾಗಿ ಅತ್ತಿಮಬ್ಬೆಯನ್ನು ನೆನೆಯಬೇಕು. ರನ್ನನಿಗೆ ಆಶ್ರಯವಿತ್ತು ಅಜಿತಪುರಾಣವನ್ನು ಬರೆಯಿಸಿದ ಈ ಶ್ರಾವಿಕೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಅವು ಯಾವ ಯಾವ ಮನೆಯ ಯಾವ ಮೂಲೆಯಲ್ಲಿ ಇದ್ದವೋ! ಶಾಸ್ತ್ರದಾನಕ್ಕೆ ಅವಳು ಈಶಾನ್ಯವನ್ನು ಕಾಯಲಿಲ್ಲ.

ತತ್ತ್ವಾರ್ಥಸೂತ್ರವು ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಎಣಿಸುವಾಗ ಜ್ಞಾನವನ್ನು ಮರೆಮಾಚುವುದು, ಮತ್ಸರದಿಂದ ಕೊಡದಿರುವುದು, ಓದುವವನಿಗೆ ಅಡ್ಡಿಪಡಿಸುವುದು ಇವುಗಳನ್ನು ಹೆಸರಿಸುತ್ತದೆ. ಬೀಗ ಹಾಕಿದ ಗಾಜಿನ ಕಪಾಟು, ಓದುವ ಮಗುವಿನ ಪಕ್ಕದಲ್ಲಿ ಗದ್ದಲವೆಬ್ಬಿಸುವ ಟಿ.ವಿ., ಬೀಗದಕೈ ಯಾರಲ್ಲಿದೆಯೆಂದೇ ತಿಳಿಯದ ಬಸದಿಯ ಗ್ರಂಥಭಂಡಾರ: ದೋಷವನ್ನು ಹುಡುಕುವುದಾದರೆ ಮೊದಲು ಇವುಗಳಲ್ಲಿ ಹುಡುಕಬೇಕು.

ಆದುದರಿಂದ ಮನೆಯವರು ಕೋಣೆಯಿದ್ದರೆ ಕೋಣೆಯನ್ನು, ಇಲ್ಲದಿದ್ದರೆ ಬೆಳಕಿರುವ ಒಂದು ಮೂಲೆಯನ್ನು ಸ್ವಾಧ್ಯಾಯಕ್ಕೆ ಮೀಸಲಿಡಲಿ. ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶವೆಂಬ ಸ್ವಾಧ್ಯಾಯದ ಐದು ಭೇದಗಳಲ್ಲಿ ಪ್ರಶ್ನಿಸುವುದೂ ತಿಳಿಸಿಕೊಡುವುದೂ ಇರುವುದರಿಂದ ಅಲ್ಲಿ ಒಂದಲ್ಲ, ಎರಡು ಮಣೆಗಳಿರಲಿ. ಬಸದಿಯ ಟ್ರಸ್ಟುಗಳು ತಮ್ಮ ಭಂಡಾರದ ಬಾಗಿಲನ್ನು ವಾರಕ್ಕೊಂದು ದಿನವಾದರೂ ತೆರೆಯಲಿ. ವ್ಯಾಪಾರಿಯು ದಿನದ ಕೊನೆಗೆ ಲೆಕ್ಕದ ವಹಿಯನ್ನು ತೆರೆಯದೆ ಮಲಗುವುದಿಲ್ಲ. ಆತ್ಮದ ವಹಿಯನ್ನೂ ದಿನಕ್ಕೊಮ್ಮೆ ತೆರೆಯುವ ಮನೆಯೇ ನಿಜವಾಗಿ ವಾಸ್ತುಶುದ್ಧವಾದ ಮನೆ.