ಯೂಪಿಕ್ ಬೇಟೆ ಮತ್ತು ಆಧುನಿಕ ತಂತ್ರಜ್ಞಾನ

ಯೂಪಿಕ್ ಜನರು ಅಲಾಸ್ಕದ ನೈಋತ್ಯ ಭಾಗದ ಮೂಲನಿವಾಸಿಗಳು. ಯೂಕಾನ್ ಮತ್ತು ಕಸ್ಕೊಕ್ವಿಮ್ ನದಿಗಳ ಮುಖಜಭೂಮಿ, ನೆಲ್ಸನ್ ದ್ವೀಪ, ಬ್ರಿಸ್ಟಲ್ ಕೊಲ್ಲಿಯ ಸುತ್ತಿನ ಪ್ರದೇಶ ಇವರ ನೆಲೆ. ಈ ಸೀಮೆಗೆ ಬೆತೆಲ್ ಪಟ್ಟಣವೇ ಕೇಂದ್ರ. ಸೀಲ್, ವಾಲ್ರಸ್, ಮೂಸ್, ಕಾಡುಬಾತು, ಸಾಲ್ಮನ್ ಮೀನು ಇವರ ಆಹಾರ. ಬೇಟೆ ಇಲ್ಲಿ ಮೋಜಿನ ಶಿಕಾರಿಯಲ್ಲ, ಮನೆಯ ಊಟ.

ಹಿಂದೆ ಕಡಲ ಬೇಟೆ ನಡೆಯುತ್ತಿದ್ದುದು ಕಯಾಕ್ ದೋಣಿಯಲ್ಲಿ. ಕರಾವಳಿಯಲ್ಲಿ ಮರಗಳಿಲ್ಲ, ನದಿಗಳು ಒಳನಾಡಿನಿಂದ ತೇಲಿಸಿ ತಂದ ದಿಮ್ಮಿಗಳಿಂದಲೇ ದೋಣಿಯ ಹಂದರ ಕಟ್ಟುತ್ತಿದ್ದರು. ಅದಕ್ಕೆ ಹೊದಿಸುವ ಸೀಲ್ ಚರ್ಮವನ್ನು ನೀರು ಇಳಿಯದಂತೆ ಹೊಲಿಯುವುದು ಹೆಂಗಸರ ಕೆಲಸ. ಆಯುಧವೆಂದರೆ ಹಾರ್ಪೂನ್ ಈಟಿ. ಅದರ ಮೊನೆ ಪ್ರಾಣಿಯ ಮೈಗೆ ನಾಟಿದೊಡನೆ ಕೋಲಿನಿಂದ ಕಳಚಿ ಒಳಗೇ ಅಡ್ಡಕ್ಕೆ ತಿರುಗುತ್ತದೆ. ಮೊನೆಗೆ ಕಟ್ಟಿದ ಹಗ್ಗದ ಇನ್ನೊಂದು ತುದಿಯಲ್ಲಿ ಗಾಳಿ ತುಂಬಿದ ಚರ್ಮದ ಬುರುಡೆ ಇರುವುದರಿಂದ ಸೀಲ್ ಮುಳುಗಿ ಕೈತಪ್ಪುವುದಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ರಷ್ಯನ್ ವರ್ತಕರು, 1867ರಲ್ಲಿ ಅಲಾಸ್ಕ ಅಮೆರಿಕಕ್ಕೆ ಮಾರಾಟವಾದ ಮೇಲೆ ಅಮೆರಿಕನ್ನರು ಲೋಹದ ಸಾಮಾನುಗಳನ್ನೂ ಕೋವಿಗಳನ್ನೂ ತಂದರು. ಕೋವಿ ಬಂದದ್ದೇ ಈಟಿ ಮೂಲೆ ಸೇರಿತು ಎಂದುಕೊಳ್ಳುವುದು ಸುಲಭ, ಆದರೆ ಹಾಗಾಗಲಿಲ್ಲ. ವಸಂತದ ಹೊತ್ತಿಗೆ ಸೀಲ್‌ಗಳ ಕೊಬ್ಬು ಕರಗಿರುತ್ತದೆ. ನದೀಮುಖದ ನೀರಿನಲ್ಲಿ ಉಪ್ಪೂ ಕಡಿಮೆ. ಗುಂಡು ತಗಲಿದ ಪ್ರಾಣಿ ನೋಡನೋಡುತ್ತಲೇ ತಳ ಸೇರಿಬಿಡುತ್ತದೆ. ಆದ್ದರಿಂದ ರೈಫಲ್ ಹಿಡಿದವರೂ ಈಟಿ ಬಿಡಲಿಲ್ಲ: ಈಡು ಹೊಡೆದು, ಬೇಗನೆ ಹತ್ತಿರ ಹೋಗಿ, ಈಟಿ ನಾಟಿಸಿ ಎಳೆದುಕೊಳ್ಳುವುದು ಪದ್ಧತಿಯಾಯಿತು. ಅಲ್ಯೂಮಿನಿಯಂ ಬೋಟುಗಳಲ್ಲಿ ಇಂದಿಗೂ ಎರಡೂ ಅಕ್ಕಪಕ್ಕದಲ್ಲೇ ಇರುತ್ತವೆ.

ಕೋವಿಗಿಂತ ದೊಡ್ಡ ಬದಲಾವಣೆ ತಂದದ್ದು ಎಂಜಿನ್. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಔಟ್‌ಬೋರ್ಡ್ ಮೋಟಾರು ಹರಡಿ ಕಯಾಕ್ ಹಿಂದೆ ಸರಿಯಿತು. ಹಿಮದ ಮೇಲೆ ನಾಯಿಬಂಡಿಯ ಜಾಗಕ್ಕೆ ಸ್ನೋಮೊಬೈಲ್ ಬಂತು. 1960ರಲ್ಲಿ ಸ್ನೋಮೊಬೈಲ್ ತಯಾರಿಸುವ ಪೊಲಾರಿಸ್ ಕಂಪನಿಯ ಸ್ಥಾಪಕರಲ್ಲೊಬ್ಬನಾದ ಎಡ್ಗರ್ ಹೆಟೀನ್ ತನ್ನ ಯಂತ್ರಗಳ ಪ್ರಚಾರಕ್ಕಾಗಿ ಸಂಗಡಿಗರೊಂದಿಗೆ ಫೇರ್‌ಬ್ಯಾಂಕ್ಸ್‌ಗೆ ಹೊರಟದ್ದು ಇದೇ ಬೆತೆಲ್‌ನಿಂದ. ದಾರಿ ಸಾವಿರ ಮೈಲಿಗೂ ಹೆಚ್ಚು. ಮುಂದಿನ ದಶಕದೊಳಗೆ ಹಳ್ಳಿಹಳ್ಳಿಯಲ್ಲೂ ಸ್ನೋಮೊಬೈಲ್ ಸದ್ದು ಕೇಳತೊಡಗಿತು, ನಾಯಿಗಳಿಗೆಂದು ಒಣಗಿಸಿಡುತ್ತಿದ್ದ ಮೀನಿನ ರಾಶಿಯೂ ಇಳಿಯಿತು. ದಿನಗಟ್ಟಲೆಯ ಪಯಣ ಗಂಟೆಗಳಿಗಿಳಿದು, ಸಂಬಳದ ಕೆಲಸವಿರುವವನೂ ವಾರದ ಕೊನೆಯಲ್ಲಿ ಬೇಟೆಗೆ ಹೋಗಿಬರುವಂತಾಯಿತು. ಆದರೆ ನಾಯಿಗೆ ಮೀನು ಸಾಕಿತ್ತು. ಎಂಜಿನ್ನಿಗೆ ಪೆಟ್ರೋಲು ಬೇಕು, ಬಿಡಿಭಾಗ ಬೇಕು, ಅದಕ್ಕೆಲ್ಲ ನಗದು ಬೇಕು. ದೋಣಿಯಲ್ಲೋ ವಿಮಾನದಲ್ಲೋ ಬರುವ ಇಂಧನ ಈ ಹಳ್ಳಿಗಳಲ್ಲಿ ಬಲು ದುಬಾರಿ. ಕೈಯಲ್ಲಿ ಕಾಸಿಲ್ಲದವನಿಗೆ ಕಾಡೂ ಕಡಲೂ ದೂರವಾದವು. ಬೇಟೆಯ ಚರಿತ್ರೆಯಲ್ಲಿ ನಿಜವಾದ ತಿರುವು ಇದೇ.

ಚರೆಯಿಂದಾದ ಕೇಡು ಬೇರೆ ಬಗೆಯದು. ಕಾಡುಬಾತಿಗೆ ಹೊಡೆದ ಸೀಸದ ಚರೆ ಮುಖಜಭೂಮಿಯ ಕೊಳಗಳ ತಳದಲ್ಲಿ ಉಳಿದು, ಅದನ್ನು ನುಂಗಿದ ಕನ್ನಡಕದ ಈಡರ್ ಎಂಬ ಬಾತುಗಳಿಗೆ ವಿಷವಾಯಿತು. ಜಲಪಕ್ಷಿ ಬೇಟೆಯಲ್ಲಿ ಸೀಸವನ್ನು ಅಮೆರಿಕ 1991ರಲ್ಲಿ ದೇಶದಾದ್ಯಂತ ನಿಷೇಧಿಸಿತು. ಎರಡು ವರ್ಷಗಳ ನಂತರ ಈ ಹಕ್ಕಿ ಅಪಾಯದಂಚಿನ ಪಟ್ಟಿ ಸೇರಿತು.

ವಿಎಚ್‌ಎಫ್ ರೇಡಿಯೊ, ಜಿಪಿಎಸ್, ಡೀಪ್ ಫ್ರೀಜರ್ ಆಮೇಲೆ ಬಂದವು. ಮಂಜು ಕವಿದಾಗ ಜಿಪಿಎಸ್ ದಿಕ್ಕು ತೋರುತ್ತದೆ, ಆದರೆ ಕಾಲಡಿಯ ಮಂಜುಗಡ್ಡೆ ತೆಳುವೋ ದಪ್ಪವೋ ಹೇಳುವುದಿಲ್ಲ. ಹವಾಮಾನ ಬಿಸಿಯಾಗುತ್ತಿರುವ ಈ ದಿನಗಳಲ್ಲಿ ಮಂಜುಗಡ್ಡೆಯ ಅರಿವಿಗೇ ಬೆಲೆ ಹೆಚ್ಚು. ಯಂತ್ರಗಳನ್ನು ನೆಚ್ಚಿದ ಬದುಕಿಗೆ ಬಿರುಗಾಳಿಯ ಪೆಟ್ಟೂ ದೊಡ್ಡದು: 2022ರ ಸೆಪ್ಟೆಂಬರ್‌ನಲ್ಲಿ ಮೆರ್ಬಾಕ್ ಚಂಡಮಾರುತದ ಶೇಷ ಅಪ್ಪಳಿಸಿದಾಗ ಹಲವು ಕುಟುಂಬಗಳು ಬೋಟು, ಬೇಟೆಯ ಸಾಮಾನು, ಮೀನು ಶಿಬಿರಗಳನ್ನು ಕಳೆದುಕೊಂಡವು.

ಆಚರಣೆಗಳಲ್ಲಿ ಕೆಲವು ಅಳಿದವು. ಸೀಲ್‌ಗಳ ಮೂತ್ರಕೋಶಗಳನ್ನು ಊದಿಸಿಟ್ಟು ಮತ್ತೆ ನೀರಿಗೆ ಬಿಡುತ್ತಿದ್ದ ಚಳಿಗಾಲದ ಹಬ್ಬ ನಿಂತದ್ದು ಯಂತ್ರಗಳಿಂದಲ್ಲ, ಮಿಷನರಿಗಳ ವಿರೋಧದಿಂದ. ಬೇಟೆಯ ಪಾಲನ್ನು ನೆಂಟರಿಗೂ ಮುದುಕರಿಗೂ ಹಂಚುವ ರೂಢಿ ಮಾತ್ರ ಗಟ್ಟಿಯಾಗಿ ಉಳಿದಿದೆ. ಅಮೆರಿಕದ 1972ರ ಕಡಲ ಸಸ್ತನಿ ಸಂರಕ್ಷಣಾ ಕಾಯ್ದೆ ಅಲಾಸ್ಕದ ಕರಾವಳಿಯ ಮೂಲನಿವಾಸಿಗಳಿಗೆ ಜೀವನಾಧಾರದ ಬೇಟೆಯಲ್ಲಿ ವಿನಾಯಿತಿ ನೀಡಿದೆ. ಪ್ರಾಣಿಯನ್ನು ಪೋಲು ಮಾಡಬಾರದು ಎಂಬ ಷರತ್ತು ಅದರಲ್ಲಿದೆ. ಹಳೆಯ ಆಯುಧವನ್ನೇ ಬಳಸಬೇಕೆಂಬ ಷರತ್ತಿಲ್ಲ.