ಬರ್ಲಿನ್ ಮೂಲಕ ಬ್ರಸೆಲ್ಸ್: ಐರೋಪ್ಯ ಒಕ್ಕೂಟದಲ್ಲಿ ರಾಷ್ಟ್ರೀಯ ಉದ್ಯಮ ಸಂಘಗಳ ಲಾಬಿ

ಐರೋಪ್ಯ ಒಕ್ಕೂಟದ ಶಾಸನಾಧಿಕಾರ ಬ್ರಸೆಲ್ಸ್‌ನಲ್ಲಿ ಕೇಂದ್ರೀಕೃತವಾದಷ್ಟೂ ಆಯಾ ದೇಶದ ಉದ್ಯಮ ಸಂಘಗಳು ಸೊರಗುತ್ತವೆ, ಅವುಗಳ ಜಾಗಕ್ಕೆ ಯುರೋಪ್ ಮಟ್ಟದ ಮಹಾಸಂಘಗಳೂ ದೊಡ್ಡ ಕಂಪನಿಗಳೂ ಬರುತ್ತವೆ ಎಂಬ ನಿರೀಕ್ಷೆ ಬಹುಕಾಲದಿಂದ ಇದೆ. ಅದಕ್ಕೆ ಆಧಾರವಿಲ್ಲದಿಲ್ಲ. 1987ರಲ್ಲಿ ಜಾರಿಗೆ ಬಂದ ಏಕ ಐರೋಪ್ಯ ಕಾಯ್ದೆಯ ನಂತರ ಮಾರುಕಟ್ಟೆಗೆ ಸಂಬಂಧಿಸಿದ ಅನೇಕ ವಿಷಯಗಳಲ್ಲಿ ಯಾವುದೇ ಒಂದು ದೇಶ ತಾನೊಂದೇ ಕಾನೂನನ್ನು ತಡೆಯಲಾರದು. ಕರಡನ್ನು ಸಿದ್ಧಪಡಿಸುವುದು ಐರೋಪ್ಯ ಆಯೋಗ. ಅದನ್ನು ತಿದ್ದಿ ಒಪ್ಪುವುದು ಐರೋಪ್ಯ ಸಂಸತ್ತು ಮತ್ತು ಸದಸ್ಯ ರಾಷ್ಟ್ರಗಳ ಸಚಿವರ ಮಂಡಳಿ. ಆದರೂ ನನ್ನ ವಾದ ಬೇರೆ. ಸದಸ್ಯ ಉದ್ಯಮಗಳ ಹಿತಗಳು ಒಂದಕ್ಕೊಂದು ತಾಕಲಾಡುವ ಕಡೆ ಮಹಾಸಂಘ ಬಾಯಿ ಬಿಡಲಾರದು. ಆಗ ಸ್ವಂತ ಸರ್ಕಾರದ ಮೂಲಕ ಮಂಡಳಿಯನ್ನು ತಲುಪಬಲ್ಲ ರಾಷ್ಟ್ರೀಯ ಸಂಘಕ್ಕೇ ಹೆಚ್ಚು ಬಲ ಬರುತ್ತದೆ. ಇದಕ್ಕೆ ಮೋಟಾರು ಉದ್ಯಮಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ಕಾರು ತಯಾರಕರ ಯುರೋಪ್ ಮಟ್ಟದ ಸಂಘವಾದ ಎಸಿಇಎ ಹುಟ್ಟಿದ್ದು 1991ರಲ್ಲಿ. ಹೊಸ ಕಾರುಗಳ ಸರಾಸರಿ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯನ್ನು 2008ರೊಳಗೆ ಕಿಲೋಮೀಟರಿಗೆ 140 ಗ್ರಾಂಗೆ ಇಳಿಸುವುದಾಗಿ ಅದು 1998ರಲ್ಲಿ ಸ್ವಯಂಪ್ರೇರಿತವಾಗಿ ಒಪ್ಪಿಕೊಂಡಿತ್ತು. ಗುರಿ ಕೈಗೂಡದೆ ಕಾನೂನೇ ಬಂತು. ಎಲ್ಲರಿಗೂ ಒಂದೇ ಮಿತಿಯೋ, ಭಾರವಾದ ಕಾರಿಗೆ ರಿಯಾಯಿತಿಯೋ ಎಂಬ ಪ್ರಶ್ನೆ ಎದ್ದಾಗ ಸಂಘದೊಳಗೆ ಒಮ್ಮತವೇ ಸಾಧ್ಯವಾಗಲಿಲ್ಲ. ಸಣ್ಣ ಕಾರುಗಳನ್ನು ಮಾಡುವ ಫ್ರೆಂಚ್, ಇಟಾಲಿಯನ್ ಕಂಪನಿಗಳ ಲಾಭವೇ ದೊಡ್ಡ ಕಾರುಗಳ ಜರ್ಮನ್ ಕಂಪನಿಗಳ ನಷ್ಟವಾಗಿತ್ತು. ಪ್ರಶ್ನೆ ಸರ್ಕಾರಗಳ ಕೈಗೆ ಹೋಯಿತು. 2008ರ ಜೂನ್‌ನಲ್ಲಿ ಬವೇರಿಯಾದ ಸ್ಟ್ರಾಬಿಂಗ್‌ನಲ್ಲಿ ಜರ್ಮನ್ ಚಾನ್ಸಲರ್ ಮರ್ಕೆಲ್ ಮತ್ತು ಫ್ರೆಂಚ್ ಅಧ್ಯಕ್ಷ ಸರ್ಕೋಜಿ ರಾಜಿಯ ಚೌಕಟ್ಟೊಂದನ್ನು ಒಪ್ಪಿದರು. ಮರುವರ್ಷ ಬಂದ 443/2009ನೇ ನಿಯಮದ ಅನುಬಂಧವನ್ನು ತೆರೆದರೆ ಈ ಜಗಳ ಒಂದು ಸೂತ್ರವಾಗಿ ಕುಳಿತಿರುವುದು ಕಾಣುತ್ತದೆ: 1,372 ಕಿಲೋ ತೂಕದ ಕಾರಿಗೆ 130 ಗ್ರಾಂ, ಅದಕ್ಕಿಂತ ಹೆಚ್ಚಾದ ಪ್ರತಿ ಕಿಲೋಗೆ 0.0457 ಗ್ರಾಂ ವಿನಾಯಿತಿ. ನಾನೂರು ಕಿಲೋ ಹೆಚ್ಚು ತೂಗುವ ಕಾರಿಗೆ ಸಿಕ್ಕಿದ್ದು ಹದಿನೆಂಟು ಗ್ರಾಂಗೂ ಮಿಕ್ಕಿದ ಸಡಿಲಿಕೆ. ಆ ದಶಮಾಂಶದಲ್ಲಿ ಎರಡು ದೇಶಗಳ ಕೈಗಾರಿಕಾ ಚರಿತ್ರೆಯೇ ಅಡಗಿದೆ.

ಮುಂದಿನ ಹಂತದಲ್ಲಿ ರಾಷ್ಟ್ರೀಯ ಸಂಘದ ಪಾತ್ರ ಇನ್ನೂ ನಿಚ್ಚಳವಾಯಿತು. 2020ರ ಹೊತ್ತಿಗೆ 95 ಗ್ರಾಂ ಎಂಬ ಗುರಿಯ ವಿವರಗಳ ಕುರಿತು ಸಂಸತ್ತು ಮತ್ತು ಮಂಡಳಿಯ ಸಂಧಾನಕಾರರು 2013ರ ಜೂನ್ 24ರಂದು ಒಪ್ಪಂದಕ್ಕೆ ಬಂದಿದ್ದರು. ಮೂರೇ ದಿನಗಳಲ್ಲಿ, ಸದಸ್ಯ ರಾಷ್ಟ್ರಗಳ ಕಾಯಂ ಪ್ರತಿನಿಧಿಗಳು ಮತ ಹಾಕಬೇಕಿದ್ದ ಹೊತ್ತಿಗೆ, ಜರ್ಮನಿಯ ಒತ್ತಡದಿಂದ ವಿಷಯ ಮುಂದಕ್ಕೆ ಹೋಯಿತು. ಜರ್ಮನ್ ಮೋಟಾರು ಉದ್ಯಮದ ಸಂಘವಾದ ವಿಡಿಎ ಅಧ್ಯಕ್ಷ ಮಾಥಿಯಾಸ್ ವಿಸ್ಮನ್ ಆ ಮೇ ತಿಂಗಳಲ್ಲೇ ಚಾನ್ಸಲರ್ ಮರ್ಕೆಲ್‌ಗೆ ಪತ್ರ ಬರೆದಿದ್ದುದನ್ನು ಜರ್ಮನ್ ಪತ್ರಿಕೆಗಳು ವರದಿ ಮಾಡಿದ್ದವು. ಇಬ್ಬರೂ ಹಿಂದಿನ ಚಾನ್ಸಲರ್ ಕೋಲ್ ಅವರ ಸಂಪುಟದಲ್ಲಿ ಸಹೋದ್ಯೋಗಿಗಳಾಗಿದ್ದವರು. ಆಗ ವಿಸ್ಮನ್ ಸಾರಿಗೆ ಸಚಿವರು, ಮರ್ಕೆಲ್ ಪರಿಸರ ಸಚಿವೆ. ನವೆಂಬರ್‌ನಲ್ಲಿ ಒಪ್ಪಂದ ಬದಲಾಯಿತು: 2020ರಲ್ಲಿ 95 ಗ್ರಾಂ ಲೆಕ್ಕಕ್ಕೆ ಬರುವುದು ಶೇಕಡ 95ರಷ್ಟು ಕಾರುಗಳು ಮಾತ್ರ, ಪೂರ್ಣ ಅನ್ವಯ 2021ಕ್ಕೆ. ಬ್ರಸೆಲ್ಸ್‌ನ ಸಂಧಾನ ಮುಗಿದ ಮೇಲೂ ಬಾಗಿಲು ತೆರೆಸಬಲ್ಲ ಇಂಥ ಶಕ್ತಿ ಯಾವ ಮಹಾಸಂಘಕ್ಕೂ ಇಲ್ಲ.

ಇಲ್ಲೊಂದು ಗಂಭೀರ ಆಕ್ಷೇಪವಿದೆ. ಕಾರು ಉದ್ಯಮವನ್ನೇ ನೆಚ್ಚಿದ ದೇಶದ ಸರ್ಕಾರ ಯಾರೂ ಕೇಳದಿದ್ದರೂ ಅದನ್ನು ಕಾಯುತ್ತಿತ್ತಲ್ಲವೇ? ಒಂದು ಪತ್ರದಿಂದ ಒಂದು ನಿರ್ಧಾರ ಹುಟ್ಟಿತೆಂದು ಸಾಧಿಸಲಾಗದು, ನಾನು ಹಾಗೆ ಹೇಳುತ್ತಲೂ ಇಲ್ಲ. ಆದರೆ ಉದ್ಯಮವನ್ನು ಕಾಯಬೇಕೆಂಬ ಇಚ್ಛೆ ಬೇರೆ, ಯಾವ ಅನುಬಂಧದ ಯಾವ ಅಂಕಿಯನ್ನು ಹಿಡಿದು ಕಾಯಬೇಕೆಂಬ ತಿಳಿವಳಿಕೆ ಬೇರೆ. ಸಚಿವಾಲಯಕ್ಕೆ ಎರಡನೆಯದನ್ನು ಒದಗಿಸುವುದು ಸಂಘ. ವಿದ್ವಾಂಸ ಪೀಟರ್ ಬೌವೆನ್ 2002ರಲ್ಲಿ ಮಂಡಿಸಿದ ವಿಶ್ಲೇಷಣೆ ಇಲ್ಲಿ ಉಪಯುಕ್ತ: ಒಂದೊಂದು ಸಂಸ್ಥೆಗೂ ಬೇಕಾದ ಮಾಹಿತಿ ಬೇರೆಬೇರೆ, ಆಯೋಗಕ್ಕೆ ತಾಂತ್ರಿಕ ಪರಿಣತಿ ಮುಖ್ಯವಾದರೆ ಮಂಡಳಿಗೆ ದೇಶದ ಒಟ್ಟು ಹಿತದ ಚಿತ್ರ ಬೇಕು. ಒಂದು ಕಂಪನಿ ತನ್ನ ಹಿತವನ್ನಷ್ಟೇ ಹೇಳಬಲ್ಲದು. ವಿಡಿಎ ತಯಾರಕರ ಜೊತೆಗೆ ಬಿಡಿಭಾಗ ಪೂರೈಸುವ ಸಣ್ಣ ಕಾರ್ಖಾನೆಗಳ ಪರವಾಗಿಯೂ ಮಾತಾಡುತ್ತದೆ. ಒಕ್ಕೂಟದ ಹೊಸ ರಾಸಾಯನಿಕ ಕಾನೂನಿನ ಚರ್ಚೆಯಲ್ಲಿ ಈ ಒಟ್ಟು ಹಿತದ ದನಿ ಇನ್ನೂ ಗಟ್ಟಿಯಾಗಿತ್ತು. 2002ರಲ್ಲಿ ಜರ್ಮನ್ ಸರ್ಕಾರ, ರಾಸಾಯನಿಕ ಉದ್ಯಮ ಸಂಘ ಮತ್ತು ಆ ಕ್ಷೇತ್ರದ ಕಾರ್ಮಿಕ ಸಂಘಟನೆ ಮೂವರೂ ಸೇರಿ ಒಂದೇ ನಿಲುವು ಪ್ರಕಟಿಸಿದರು. ಮಾಲೀಕರೂ ಕಾರ್ಮಿಕರೂ ಒಂದೇ ಕಾಗದಕ್ಕೆ ಸಹಿ ಹಾಕಿದಾಗ ಅದನ್ನು ಖಾಸಗಿ ಹಿತವೆಂದು ತಳ್ಳಿಹಾಕುವ ಧೈರ್ಯ ಯಾವ ಮಂತ್ರಿಗೂ ಬರದು. ಹಾಗೆಂದು ಈ ಬಲಕ್ಕೆ ಮಿತಿಯಿಲ್ಲವೆಂದಲ್ಲ. 2013ರಲ್ಲಿ ದಕ್ಕಿದ್ದು ಕಾಲಾವಕಾಶ, ಗುರಿಯ ಬದಲಾವಣೆಯಲ್ಲ; 95 ಎಂಬ ಅಂಕಿ ಹಾಗೇ ಉಳಿಯಿತು.

ನನ್ನನ್ನು ಹೆಚ್ಚು ಕಾಡುವುದು ಹೊಣೆಗಾರಿಕೆಯ ಪ್ರಶ್ನೆ. ಆಯೋಗ ಮತ್ತು ಸಂಸತ್ತಿನ ಜಂಟಿ ಪಾರದರ್ಶಕತಾ ನೋಂದಣಿ 2011ರಿಂದ ಇದೆ. ಮಂಡಳಿ ಅದಕ್ಕೆ ಸೇರಿದ್ದು 2021ರಲ್ಲಿ, ಅದೂ ಸದಸ್ಯ ರಾಷ್ಟ್ರಗಳ ಕಾಯಂ ಪ್ರತಿನಿಧಿಗಳ ಭೇಟಿಗಳಿಗೆ ಕಡ್ಡಾಯವಾಗದಂತೆ. ಜರ್ಮನಿಯಲ್ಲೇ ಲಾಬಿ ನೋಂದಣಿ ಕಾನೂನು ಜಾರಿಯಾದದ್ದು 2022ರ ಜನವರಿಯಲ್ಲಿ. ಅಂದರೆ ಪ್ರಭಾವ ಹರಿಯುವ ಮುಖ್ಯ ಕಾಲುವೆಯೇ ಬಹುಕಾಲ ಲೆಕ್ಕದ ಹೊರಗಿತ್ತು.

ಇದರ ಬಿಸಿ ಹೆಚ್ಚು ತಟ್ಟುವುದು ಮಂಡಳಿಯಲ್ಲಿ ಕುರ್ಚಿಯೇ ಇಲ್ಲದವರಿಗೆ. 2023ರ ಅರಣ್ಯನಾಶ ವಿರೋಧಿ ನಿಯಮದ ಪ್ರಕಾರ, ಯುರೋಪಿಗೆ ಹೋಗುವ ಕಾಫಿ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದದ್ದಲ್ಲವೆಂದು ತೋರಿಸಬೇಕು, ತೋಟದ ಭೌಗೋಳಿಕ ಸ್ಥಾನವನ್ನೂ ಕೊಡಬೇಕು. ಭಾರತದ ಕಾಫಿಯಲ್ಲಿ ಸುಮಾರು ಶೇಕಡ 70 ಕರ್ನಾಟಕದ್ದು. ಭಾರತದ ಕಾಫಿಯ ದೊಡ್ಡ ಗಿರಾಕಿ ಇಟಲಿ. 2024ರ ಮಾರ್ಚ್‌ನಲ್ಲಿ ಆಸ್ಟ್ರಿಯಾ ತನ್ನ ರೈತರ ಹಾಗೂ ಅರಣ್ಯ ಮಾಲೀಕರ ಹೊರೆಯನ್ನು ಮುಂದಿಟ್ಟು ಕೃಷಿ ಸಚಿವರ ಮಂಡಳಿಯಲ್ಲಿ ದನಿ ಎತ್ತಿತು, ಬಹುಪಾಲು ಸಚಿವರು ಬೆಂಬಲಿಸಿದರು. ವರ್ಷಾಂತ್ಯಕ್ಕೆ ನಿಯಮದ ಜಾರಿ ಒಂದು ವರ್ಷ ಮುಂದಕ್ಕೆ ಹೋಯಿತು. ಕೊಡಗು, ಚಿಕ್ಕಮಗಳೂರಿನ ಬೆಳೆಗಾರನಿಗೂ ಆ ಬಿಡುವು ಸಿಕ್ಕಿತು ನಿಜ. ಆದರೆ ಅದು ಆಲ್ಪ್ಸ್‌ನ ಮರದ ತೋಪುಗಳ ಯಜಮಾನರಿಗಾಗಿ ಪಡೆದ ಬಿಡುವು. ನಮ್ಮ ಬೆಳೆಗಾರನ ಸಂಘದ ಮನವಿ ಭಾರತದ ಕಾಫಿ ಮಂಡಳಿ, ವಾಣಿಜ್ಯ ಸಚಿವಾಲಯಗಳನ್ನು ದಾಟಿ ದೆಹಲಿಯಿಂದ ಬ್ರಸೆಲ್ಸ್‌ಗೆ ಹೊರಗಿನ ದೇಶವೊಂದರ ಅಹವಾಲಾಗಿ ಮುಟ್ಟುತ್ತದೆ. ಮತ ಇರುವ ಸರ್ಕಾರದ ಕಿವಿಗೆ ಹತ್ತಿರವಿರುವುದು ಇಟಲಿಯ ಆಮದುದಾರರ ಸಂಘವೇ. ತೋಟದ ನಕ್ಷೆ ಬೇಗ ಸಿಗಬೇಕೆಂಬುದು ಆಮದುದಾರರ ಕಾಳಜಿ. ಆ ನಕ್ಷೆಯ ಖರ್ಚು ಯಾರ ತಲೆಗೆ ಎಂಬುದು ಬೆಳೆಗಾರನದು.